ಏಳು ಅಪ್ಪಂದಿರು, ಎಂಟು ಅಕ್ಷರ

“ಇನ್ನೊಂದ್ಸಲ ಒತ್ತು,” ಅಂದೆ.

“ಈಗ್ತಾನೆ ಒತ್ತಿದ್ನಲ್ಲ ಅಕ್ಕಾ,” ಅಂದ ಶಾರ್ಶೆನ್. ಕೀಲಿಮಣೆಯಿಂದ ಕೈ ತೆಗೆದುಬಿಟ್ಟಿದ್ದ.

“ಒತ್ತು ಅಂದ್ರೆ ಒತ್ತಬೇಕು. ಮೊದಲು ನಿಮ್ಮಪ್ಪನ ಹೆಸರು. ಆಮೇಲೆ ಬಾಲಕ್ಕೆ ಫೋನ್ ನಂಬರ್ ಬದಲು ‘ಕುರಿಬಾಡು’ ಅಂತ ಹಾಕು.”

“ಕುರಿಬಾಡಾ?”

“ಹೂಂ. ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಅದೇ ನೆನಪಾಗ್ತಿದೆ. ಹಾಕೋ!”

ಹಾಕಿದ. ಹತ್ತು ನಿಮಿಷದ ಹಿಂದೆ ಅವನೇ ನನ್ನ ಕಣ್ಣೆದುರಿಗೆ ಹೊಸ ಪಾಸ್‌ವರ್ಡ್ ಇಟ್ಟಿದ್ದ, ಅಪ್ಪನ ಹೆಸರು, ಅದರ ಹಿಂದೆ ಫೋನ್ ನಂಬರ್. ಈಗ ಹೊಡೆದದ್ದು ಅದಲ್ಲವೇ ಅಲ್ಲ. ಆದರೂ ಪರದೆ ಒಂದು ಸಲ ಮಿಟುಕಿ, ಬನ್ನಿ ಬನ್ನಿ ಅನ್ನುವ ಹಾಗೆ ತೆರೆದುಕೊಂಡಿತು.

ಮೂರು ಸಲ ಮೂರು ಬಾಲ. ಮೂರು ಸಲವೂ ಬಾಗಿಲು ತೆರೆದಿತ್ತು.

ಮೇಜು ಗುದ್ದಿದೆ. ಸೂರ್ಯಕಾಂತಿ ಬೀಜದ ಪೊಟ್ಟಣ ಉರುಳಿ ನೆಲವೆಲ್ಲ ಬೀಜವಾಯಿತು. ಶಾರ್ಶೆನ್ ಆರಿಸುವುದಕ್ಕೆ ಬಗ್ಗಿದ. ನನ್ನ ಮುಖ ನೋಡೋದು ತಪ್ಪುತ್ತದಲ್ಲ, ಅದಕ್ಕೇ.

“ಮೇಲೇಳೋ,” ಅಂದೆ. “ಗಂಟೆ ಎಷ್ಟು?”

“ಎರಡೂವರೆ.”

ಐದಕ್ಕೆ ಜೀಪು.

ನಮ್ಮ ಅಕ್-ಚಿಯ್ ಪೇಟೆಯ ಎಚ್ಚರಿಕೆ ಕೇಂದ್ರದಲ್ಲಿ ಎರಡು ಯಂತ್ರ. ಒಂದು ಬೆಟ್ಟದ ಮೇಲೆ, ಜಾಶಿಲ್ ಕೆರೆಯ ದಂಡೆಯ ಗುಡಿಸಲಲ್ಲಿ. ಹಿಮ ಕರಗಿ ತುಂಬುವ ಕೆರೆ ಅದು. ಅದರ ಮಟ್ಟ ಅಳೆಯುವ ಆ ಯಂತ್ರಕ್ಕೆ ಇಪ್ಪತ್ತೈದು ವರ್ಷ, ಎಲ್ಲರೂ ಅದನ್ನು ಅಜ್ಜ ಅಂತಾರೆ. ಇನ್ನೊಂದು ಇಲ್ಲಿ ಕೆಳಗೆ, ಹೋದ ವರ್ಷ ಬಂದ ಹೊಸ ಸರ್ವರ್. ಅದು ಸೊಸೆ. ಅಜ್ಜ ಬರೆದಿಟ್ಟ ಕಡತವನ್ನು ಸೊಸೆ ರೇಡಿಯೋ ಮೂಲಕ ಹತ್ತು ನಿಮಿಷಕ್ಕೊಮ್ಮೆ ತೆರೆದು ಓದಬೇಕು, ನೀರು ಮಿತಿ ಮೀರಿದರೆ ಕಣಿವೆಯ ತುಂಬ ಸೈರನ್ ಕೂಗಿಸಬೇಕು.

ಹೋದ ವಾರ ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಯಾರೋ ಅಜ್ಜನೊಳಗೆ ಹೊಕ್ಕು ಅಳತೆಯ ಗುರುತನ್ನು ಎರಡು ಮೀಟರ್ ಸರಿಸಿದರು. ಒಂದೇ ಒಂದು ಅಂಕಿ. ಕೆರೆ ಏರುತ್ತಿತ್ತು, ಕಡತದಲ್ಲಿ ಇಳಿಯಿತು. ಇಲ್ಲಿ ಕೆಳಗಿದ್ದವರು ‘ಅಬ್ಬ, ನೀರು ಇಳೀತು’ ಅಂತ ಟೀ ಕುಡಿದರು. ಬುಧವಾರ ಬೆಳಕು ಹರಿಯುವಾಗ ಕೆರೆ ಒಡೆದು ಸೇತುವೆಯನ್ನೂ ಆರು ಜನರನ್ನೂ ಹೊತ್ತುಕೊಂಡು ಹೋಯಿತು.

ಅಜ್ಜನ ಹತ್ತಿರ ಯಾರು ಬಂದರು, ಯಾರು ಹೋದರು ಅನ್ನೋದಕ್ಕೆಲ್ಲ ಒಂದು ಲಾಗ್ ಇದೆ. ಎರಡು ಹತ್ತಕ್ಕೆ ಗುಡಿಸಲಿನ ಕೀಲಿಮಣೆಯಿಂದ ಹೊಕ್ಕವರು ಅಂತ ಅದರಲ್ಲಿದ್ದ ಹೆಸರು, ಕನಿಶಾಯ್.

ಕನಿಶಾಯ್ ಪಕ್ಕದ ಕೋಣೆಯ ಬೆಂಚಿನ ಮೇಲೆ ಕೂತಿದ್ದಳು. ಇಪ್ಪತ್ತಾರು ವರ್ಷದ ಹುಡುಗಿ, ಹಗಲು ಬೆಟ್ಟ ಹತ್ತಿ ಅಜ್ಜನನ್ನು ನೋಡಿಕೊಂಡು ಸಂಜೆ ಇಳಿಯುವುದು ಅವಳ ಕೆಲಸ, ಮನೆಯಲ್ಲಿ ಎಂಟು ತಿಂಗಳ ಕೂಸು. ಸತ್ತ ಆರು ಜನರಲ್ಲಿ ಒಬ್ಬ ಅವಳ ಸ್ವಂತ ಅಣ್ಣ ಸಾಗಿನ್. ಅವನ ಲಾರಿ ಹೊಳೆಯಲ್ಲಿ ಸಿಕ್ಕಿತು, ಹೆಣ ಸಿಕ್ಕಲಿಲ್ಲ. ಐದು ಗಂಟೆಗೆ ಅವಳನ್ನು ಬಿಷ್ಕೆಕ್‌ನ ಜೈಲಿಗೆ ಒಯ್ಯುತ್ತಾರೆ. ಅಷ್ಟರೊಳಗೆ ನ್ಯಾಯಾಲಯ ನೇಮಿಸಿದ ತಜ್ಞೆಯಾದ ನಾನು, ಬುರುಲ್, ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದು ಸಹಿ ಹಾಕಬೇಕು. ಅವಳ ಹೆಸರಲ್ಲಿ ಬೇರೆ ಯಾರಾದರೂ ಹೊಕ್ಕಿರಬಹುದೋ, ಇಲ್ಲವೋ?

ಬೆಳಗ್ಗೆಯವರೆಗೆ ನನ್ನ ಉತ್ತರ ಇಲ್ಲ ಅಂತಲೇ ಇತ್ತು. ಅವಳು ಸೋಮವಾರವಷ್ಟೇ ಪಾಸ್‌ವರ್ಡ್ ಬದಲಾಯಿಸಿದ್ದಳು. ಎಲ್ಲೂ ಬರೆದಿಟ್ಟಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಈಗ ರೇಡಿಯೋ ಮೂಲಕ ಅಜ್ಜನ ಬಾಗಿಲು ತೆರೆಸಿದ ಕುರಿಬಾಡು ಎಲ್ಲಾ ತಲೆಕೆಳಗು ಮಾಡಿತು.

“ಬೊಗಳು,” ಅಂದೆ ಶಾರ್ಶೆನ್‌ಗೆ. “ಎಷ್ಟು ಅಕ್ಷರ ಓದುತ್ತೆ ಅಜ್ಜ?”

“ಎಂಟು.” ಅವನ ದನಿ ಅವನಿಗೇ ಕೇಳಿಸಿತೋ ಇಲ್ಲವೋ. “ಆ ಕಾಲದ ಯಂತ್ರ ಅಕ್ಕ. ಮೊದಲ ಎಂಟು ನೋಡುತ್ತೆ. ಮಿಕ್ಕಿದ್ದು ನೀವೇನು ಹೊಡೆದ್ರೂ ಅದಕ್ಕೆ ಲೆಕ್ಕಕ್ಕಿಲ್ಲ.”

“ಸೊಸೆ?”

“ಹನ್ನೆರಡಕ್ಕೆ ಕಮ್ಮಿ ಇದ್ರೆ ಒಳಗೇ ಸೇರಿಸಲ್ಲ. ತಿಂಗಳಿಗೊಂದ್ಸಲ ಬದಲಾಯಿಸು ಅಂತಾಳೆ. ಮೂರು ಸಲ ತಪ್ಪಿದ್ರೆ ಬೀಗ ಹಾಕ್ತಾಳೆ.”

“ಅಜ್ಜ ಬೀಗ ಹಾಕಲ್ವಾ?”

“ಅಜ್ಜ ನೂರು ಸಲ ತಪ್ಪಿದ್ರೂ ಮುನಿಸಿಕೊಳ್ಳಲ್ಲ. ಪಾಪ, ಹಳೇ ಜೀವ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಈ ಎರಡಕ್ಕೂ ಒಂದೇ ನೊಗ ಕಟ್ಟಿದವನು ಈ ಮಹಾನುಭಾವ. ಸೊಸೆಯ ಹತ್ತಿರ ಯಾರಾದರೂ ಪಾಸ್‌ವರ್ಡ್ ಬದಲಾಯಿಸಿದ ಕೂಡಲೇ ಅದನ್ನು ಅಜ್ಜನಿಗೂ ನಕಲು ಮಾಡುವ ಒಂದು ಪ್ರೋಗ್ರಾಂ ಬರೆದಿದ್ದ. ಅಜ್ಜ ಅದರಲ್ಲಿ ಎಂಟು ತುತ್ತು ನುಂಗಿ ಉಳಿದದ್ದನ್ನು ಉಗುಳುತ್ತಿತ್ತು.

ನನ್ನ ಫೈಲಿನಿಂದ ಅವನದೇ ವರದಿ ತೆಗೆದು ಮೂಗಿಗೆ ಹಿಡಿದೆ. “ಓದು. ಜೋರಾಗಿ ಓದು.”

“ಎರಡೂ ಯಂತ್ರಗಳ ಪಾಸ್‌ವರ್ಡ್ ನಿಯಮಗಳನ್ನು ಸಂಪೂರ್ಣವಾಗಿ ಸಮಗೊಳಿಸಲಾಗಿದೆ...”

“ಕೆಳಗಿರೋ ಸಹಿ ಯಾರದು? ನಿಮ್ಮ ತಾತನದಾ?”

“ಅಕ್ಕ, ಮೇಲಿನವರು ಬರ್ದುಕೊಡು ಅಂದ್ರು. ಅಜ್ಜನ್ನ ತೆಗೆದು ಬೇರೆ ಯಂತ್ರ ಹಾಕೋಕೆ ಯಾರೂ ಒಪ್ಪಲ್ಲ. ನಾನೇನು ಮಾಡ್ಲಿ? ನಾನೇನು ಆ ಗುರುತು ಸರಿಸಿದ್ನಾ? ನಾನು ಆವತ್ತು ಬೆಟ್ಟಕ್ಕೇ ಹೋಗಿರ್ಲಿಲ್ಲ!”

“ನೀನು ಸರಿಸಿದೆ ಅಂತ ನಾನಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿಕೊಳ್ತೀಯ?”

ಅವನು ಕುರ್ಚಿಯಲ್ಲಿ ಕುಸಿದ. ಒಂದು ಕ್ಷಣ ಕನಿಕರವೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹತ್ತು ದಿನದಿಂದ ದಿನಾ ವಿಚಾರಣೆಗೆ ಬಂದು ಹೋಗುವ ಒಂದು ಹೆಣ್ಣು ಆ ಬೆಂಚಿನ ಮೇಲೆ ಸಾಯುತ್ತಿರುವುದನ್ನು ಇವನು ಟೀ ಕುಡಿಯುತ್ತ ನೋಡಿದ್ದ. ಕನಿಕರ ಅಲ್ಲೇ ಆರಿತು.

“ಇನ್ನೂ ಏನಿದೆ?” ಅಂದೆ. “ಮುಖ ನೋಡಿದ್ರೇ ಗೊತ್ತಾಗುತ್ತೆ, ಇನ್ನೂ ಇದೆ.”

“ಆರು.”

“ಏನು ಆರು?”

“ಸೊಸೆ ಮೊದಲು ಹಿಂದಿನ ಹನ್ನೆರಡು ಪಾಸ್‌ವರ್ಡ್ ನೆನಪಿಟ್ಕೊಳ್ತಿದ್ಲು. ಅದರಲ್ಲಿ ಯಾವುದನ್ನೂ ಮತ್ತೆ ಹಾಕೋಕೆ ಬಿಡ್ತಿರ್ಲಿಲ್ಲ. ಆಫೀಸಲ್ಲಿ ಗಲಾಟೆ ಆಯ್ತು. ನಮಗಿರೋದೇ ಏಳು ಜನ ಅಪ್ಪಂದಿರು, ಹನ್ನೆರಡು ಹೆಸರು ಎಲ್ಲಿಂದ ತರೋಣ ಅಂತ ನನ್ನ ಮೇಲೇ ಬಂದ್ರು. ಅದಕ್ಕೆ ಆರಕ್ಕೆ ಇಳಿಸಿದೆ.”

ಅವನ ವರದಿಯ ಬೆನ್ನಿಗೆ ಬರೆದೆ, ಏಳರಲ್ಲಿ ಆರು ಕಳೆದರೆ ಒಂದು.

ಏಳು ತಲೆಮಾರಿನ ಅಪ್ಪಂದಿರ ಹೆಸರು ಬಾಯಿಗೆ ಬಾರದವನಿಗೆ ನಮ್ಮಲ್ಲಿ ಹೆಣ್ಣೂ ಕೊಡುವುದಿಲ್ಲ. ಮಾತು ಕಲಿಯುವ ಮಗುವಿಗೆ ಮೊದಲ ಪಾಠವೇ ಅದು. ಮರೆಯಲು ಸಾಧ್ಯವಿಲ್ಲದ ಏಳು ಹೆಸರು! ಯಂತ್ರ ಆರನ್ನು ನೆನಪಿಟ್ಟರೆ ಏಳನೆಯದು ಯಾವಾಗಲೂ ಖಾಲಿ. ಏಳು ತಿಂಗಳಿಗೆ ಒಂದು ಸುತ್ತು, ಮತ್ತೆ ಮೊದಲಿನಿಂದ. ಇಡೀ ಆಫೀಸು ಹಾಗೇ ನಡೆಸುತ್ತಿತ್ತು. ಪಾಸ್‌ವರ್ಡ್ ಅಂದರೆ ಊರಿನ ಪ್ರತಿ ಮದುವೆಯಲ್ಲೂ ಬಹಿರಂಗವಾಗಿ ಹೇಳುವ ಹೆಸರು, ಹಿಂದೆ ಒಂದು ಬಾಲ. ಹೆಸರು ಎಂಟಕ್ಷರ ತುಂಬಿದರೆ ಆ ಬಾಲವನ್ನು ಅಜ್ಜ ನೋಡುವುದೇ ಇಲ್ಲ.

“ಅಯ್ಯೋ ನಿಮ್ಮ,” ಅಂದೆ. “ಮನೆ ಬೀಗದ ಕೈನ ಹೊಸ್ತಿಲ ಮೇಲಿಟ್ಟು ಹಾಡಿ ಹೇಳಿದ್ರಲ್ಲೋ.”

ಬಾಗಿಲಲ್ಲಿ ಯಾರೋ ನಕ್ಕರು. ಕಪ್ತಾನ್ ತೆಮಿರ್ಕುಲ್. ಕೇಸು ನಡೆಸುತ್ತಿರುವ ಪೊಲೀಸು. ಕೆನ್ನೆಯಲ್ಲಿ ಯಾವಾಗಲೂ ಒಂದು ಕುರುತ್ ಇಟ್ಟುಕೊಂಡು ಚೀಪುತ್ತಿರುತ್ತಾನೆ, ಒಣಗಿಸಿದ ಮೊಸರಿನ ಆ ಉಪ್ಪುಂಡೆ ಅವನಿಗೆ ಸಿಗರೇಟಿನ ಬದಲು. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ಬುರುಲ್ ಅಕ್ಕ, ನಿಮ್ಮ ಕೂಗು ಸಂತೆವರೆಗೂ ಕೇಳ್ತಿದೆ.”

“ಕೇಳಲಿ. ಕಪ್ತಾನ್, ನಿನ್ನ ಕೇಸು ಒಡೆದ ಮಡಕೆ. ಅವಳ ಏಳು ಅಪ್ಪಂದಿರ ಹೆಸರು ಗೊತ್ತಿರೋ ಯಾರು ಬೇಕಾದ್ರೂ ಅವಳ ಹೆಸರಲ್ಲಿ ಹೊಗಬಹುದಿತ್ತು. ಗುಡಿಸಲಿಗೆ ಬೀಗ ಇಲ್ಲ, ಬೆಟ್ಟದ ಮನೆಗೆ ಯಾರೂ ಬೀಗ ಹಾಕಲ್ಲ. ಅವಳು ಎರಡು ಗಂಟೆಗೆ ಒರತೆಯಿಂದ ನೀರು ತರೋಕೆ ಹೋಗಿದ್ದೆ ಅಂತಾಳೆ. ಅರ್ಧ ಗಂಟೆ ಗುಡಿಸಲು ಖಾಲಿ. ನೀನೇ ಹೇಳು.”

ಎಲ್ಲವನ್ನೂ ತೋರಿಸಿದೆ. ಕುರಿಬಾಡೂ ಹೊಡೆದು ತೋರಿಸಿದೆ. ಅವನು ತಾಳ್ಮೆಯಿಂದ ನೋಡಿದ, ಅದೇ ನನಗೆ ಸಂಕಟ. ಮೂರ್ಖ ಪೊಲೀಸನಾಗಿದ್ದರೆ ಕೂಗಾಡಿ ಗೆಲ್ಲಬಹುದಿತ್ತು.

“ಚೆನ್ನಾಗಿದೆ,” ಅಂದ. “ಒಂದು ಮಾತು ಕೇಳ್ಲಾ? ತಪ್ಪು ಪಾಸ್‌ವರ್ಡ್ ಹೊಡೆದ್ರೆ ಅದೂ ಲಾಗ್‌ನಲ್ಲಿ ಬೀಳುತ್ತೆ ಅಲ್ವಾ?”

“ಬೀಳುತ್ತೆ.”

“ಆವತ್ತು ಎಷ್ಟು ತಪ್ಪು ಬಿದ್ದಿದೆ?”

ನಾನು ಶಾರ್ಶೆನ್ ಕಡೆ ನೋಡಿದೆ. ಅವನು ತಲೆ ಅಲ್ಲಾಡಿಸಿದ. ಒಂದೂ ಇಲ್ಲ.

“ಏಳು ಹೆಸರು,” ಅಂದ ಕಪ್ತಾನ್. “ಈ ತಿಂಗಳು ಯಾರ ಸರದಿ ಅಂತ ಹೊರಗಿನವನಿಗೆ ಗೊತ್ತಿಲ್ಲ. ಒಂದಾದ್ರೂ ತಪ್ಪಬೇಕಿತ್ತು. ಇವನು ಬಂದ, ಹೊಡೆದ, ಮೊದಲನೇ ಏಟಿಗೇ ಬಾಗಿಲು ತೆರೀತು. ಯಾಕೆ ಅಂದ್ರೆ ಇವನು ಇವನಲ್ಲ, ಇವಳು. ಅಕ್ಕ, ನನಗೂ ಅವಳ ಮೇಲೆ ದ್ವೇಷ ಇಲ್ಲ. ಉಳಿದ ಐದು ಮನೆಯೋರು ದಿನಾ ನನ್ನ ಬಾಗಿಲಲ್ಲಿ ಕೂತಿರ್ತಾರೆ. ಐದು ಗಂಟೆಗೆ ಬರ್ತೀನಿ, ಬೇರೆ ಏನಾದ್ರೂ ಸಿಕ್ಕಿದ್ರೆ ಕೊಡಿ.”

ಹೋದ. ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಕಿಟಕಿಗೆ ಹೋದೆ, ಬಂದೆ, ಮತ್ತೆ ಹೋದೆ. ಹೊರಗೆ ಹೊಳೆ ಇನ್ನೂ ಕೆಸರು ಬಣ್ಣದಲ್ಲೇ ಇತ್ತು. ಸೇತುವೆ ಇದ್ದಲ್ಲಿ ಎರಡು ಮೋಟು ಕಂಬ.

ಆ ಹಾಳು ಕಪ್ತಾನ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಪಕ್ಕದ ಕೋಣೆಗೆ ನುಗ್ಗಿದೆ. ಕಾವಲಿನ ಪೊಲೀಸು ನನ್ನ ಕಣ್ಣು ನೋಡಿ ತಾನೇ ಹೊರಗೆ ಹೋದ.

ಕನಿಶಾಯ್ ತಲೆಗೆ ಕಟ್ಟಿದ್ದ ಕಪ್ಪು ವಸ್ತ್ರ ಸರಿಮಾಡಿಕೊಂಡು ಎದ್ದಳು. ಮಧ್ಯಾಹ್ನ ಅತ್ತೆ ಕೂಸನ್ನು ತಂದು ಹಾಲು ಕುಡಿಸಿಕೊಂಡು ಹೋಗಿದ್ದರು. ಅಂಗಿಯ ಎದೆಯ ಮೇಲೆ ಇನ್ನೂ ಒದ್ದೆಯಿತ್ತು.

“ಕೂತ್ಕೋ. ಒಂದೇ ಪ್ರಶ್ನೆ,” ಅಂದೆ. “ಸೋಮವಾರ ಯಾವ ಅಪ್ಪನ ಹೆಸರು ಇಟ್ಟೆ?”

“ನಿಮಗ್ಯಾರು ಹೇಳಿದ್ರು?”

“ಊರಿಗೆಲ್ಲಾ ಗೊತ್ತಿರೋ ವಿಷಯ ನನಗೆ ಇವತ್ತು ಗೊತ್ತಾಯ್ತು ತಾಯಿ, ಮುದುಕಿ ನಾನು. ಹೇಳು.”

“ಮೂರನೇ ಅಪ್ಪಂದು.”

ನನ್ನ ಹತ್ತಿರ ಅವಳ ವಂಶದ ಪಟ್ಟಿ ಇತ್ತು. ಮೊನ್ನೆ ಸಾಗಿನ್‌ನ ಏಳನೇ ದಿನದ ಊಟದಲ್ಲಿ ಮುಲ್ಲಾ ಓದಿದ್ದನ್ನು ಕಪ್ತಾನ್ ಬರೆಸಿಕೊಂಡಿದ್ದ. ಬೆರಳಿಟ್ಟು ಎಣಿಸಿದೆ. “ಸಾರಿಬಾಯ್.”

“ಅಲ್ಲ.”

“ಏನಲ್ಲ? ಇಲ್ಲೇ ಇದೆಯಲ್ಲ.”

ಅವಳು ಬಾಗಿಲ ಕಡೆ ನೋಡಿದಳು, ಕಿಟಕಿ ಕಡೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು.

“ಸಾರಿಬಾಯ್ ನಮ್ಮ ಮುತ್ತಜ್ಜನ ತಮ್ಮ ಅಕ್ಕ. ಮುತ್ತಜ್ಜನ್ನ ಮೂವತ್ತೆಂಟನೇ ಇಸವಿಯಲ್ಲಿ ಜನಶತ್ರು ಅಂತ ಹಿಡ್ಕೊಂಡು ಹೋದ್ರು, ವಾಪಸ್ ಬರ್ಲಿಲ್ಲ. ಮಕ್ಕಳನ್ನ ಉಳಿಸೋಕೆ ಅಂತ ಅವರನ್ನ ತಮ್ಮನ ಹೆಸರಿಗೆ ಬರೆಸಿದ್ರು. ಆವತ್ತಿಂದ ಮದುವೆಯಲ್ಲೂ ಸಾವಿನಲ್ಲೂ ಸಾರಿಬಾಯ್ ಅಂತಲೇ ಹೇಳ್ತೀವಿ. ನಿಜವಾದ ಹೆಸರು ಕುದಾಯ್ಬೆರ್ದಿ.”

ನಮ್ಮ ಲಿಪಿಯಲ್ಲಿ ಬೆರಳು ಮಡಿಸಿ ಎಣಿಸಿದೆ, ಹತ್ತು ಅಕ್ಷರ. ಅಜ್ಜನಿಗೆ ಬೇಕಾದ ಎಂಟು ಅಕ್ಷರ ಆ ಹೆಸರೊಳಗೇ ಮುಗಿದುಹೋಗುತ್ತಿತ್ತು. ಬಾಲವೇ ಬೇಕಿರಲಿಲ್ಲ.

“ಯಾರಿಗೆಲ್ಲ ಗೊತ್ತು ಈ ಹೆಸರು? ಗಂಡನಿಗೆ?”

“ಇಲ್ಲ. ಅಪ್ಪ ಸಾಯೋ ಮುಂಚೆ ನಮ್ಮಿಬ್ಬರನ್ನ ಕೂರಿಸ್ಕೊಂಡು ಹೇಳಿದ್ರು. ರೊಟ್ಟಿ ಮುಟ್ಟಿಸಿ ಆಣೆ ಹಾಕಿಸಿದ್ರು, ಬೇರೆ ಯಾರ ಕಿವಿಗೂ ಬೀಳಬಾರದು ಅಂತ. ನಾನು ಬಾಯಲ್ಲಿ ಹೇಳಿಲ್ಲ ಅಕ್ಕ. ಏಳು ತಿಂಗಳಿಗೊಂದ್ಸಲ ಬೆರಳಲ್ಲಿ ಬರೀತೀನಿ, ಅಷ್ಟೇ. ಅವರ ಹೆಸರನ್ನ ಯಾರಾದ್ರೂ ಒಬ್ಬರು ಎಲ್ಲಾದ್ರೂ ಬರೀಬೇಕಲ್ವಾ?”

ಅವಳ ಕೈ ಹಿಡಿದೆ. ಆದರೂ ಕೇಳಲೇಬೇಕಿತ್ತು. “ನಿಮ್ಮಿಬ್ಬರನ್ನ ಅಂದ್ಯಲ್ಲ. ನೀನು, ಮತ್ತೆ?”

“ಸಾಗಿನ್ ಅಣ್ಣ.”

“ಈ ತಿಂಗಳು ಮೂರನೇ ಅಪ್ಪನ ಸರದಿ ಅಂತ ಅವನಿಗೆ ಗೊತ್ತಿತ್ತಾ?”

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಉತ್ತರ ಅವಳ ಕಣ್ಣಲ್ಲಿ ಮೊದಲು ಬಂತು.

“ಹೋದ ತಿಂಗಳು ತಾತನ ಹೆಸರು ಇಡುವಾಗ ಪಕ್ಕದಲ್ಲೇ ಇದ್ದ,” ಅಂದಳು ಮೆಲ್ಲಗೆ. “ಮುಂದಿನ ತಿಂಗಳು ನಮ್ಮ ಗುಟ್ಟಿನ ಮುತ್ತಜ್ಜ ಬರ್ತಾನೆ, ಅಲ್ವೇನೇ ಅಂತ ನಕ್ಕಿದ್ದ.”

ಸಾಗಿನ್ ಸೇತುವೆಯ ಕೆಳಗಿನ ಜಲ್ಲಿ ಗಣಿಗೆ ಲಾರಿ ಓಡಿಸುತ್ತಿದ್ದ. ಸೈರನ್ ಕೂಗಿದಾಗಲೆಲ್ಲ ಗಣಿ ನಿಲ್ಲಬೇಕು, ಈ ಬೇಸಿಗೆಯಲ್ಲಿ ಒಂಬತ್ತು ಸಲ ನಿಂತಿತ್ತು. ಇನ್ನೊಂದು ಸಲ ಕೂಗಿದರೆ ಆ ಸೈರನ್ನನ್ನೇ ಕಿತ್ತು ಹೊಳೆಗೆ ಎಸೆಯುತ್ತೀನಿ ಅಂತ ಗಣಿಯ ಯಜಮಾನ ಎಲ್ಲರೆದುರಿಗೇ ಕೂಗಾಡಿದ್ದ. ಒಂದಕ್ಕೊಂದು ತಾನಾಗೇ ಸೇರಿಕೊಂಡಿತು.

“ಕನಿಶಾಯ್, ಕೇಳು. ಇದನ್ನ ನಾನು ಕಪ್ತಾನ್‌ಗೆ ಹೇಳಿದ್ರೆ...”

“ಬೇಡ!”

“ಹುಚ್ಚಿ, ನೀನು ಮನೆಗೆ ಹೋಗ್ತೀಯ. ಕೂಸಿನ ಹತ್ರ ಹೋಗ್ತೀಯ.”

“ಸತ್ತವನ ಮೇಲೆ ಹೊರಿಸ್ಲಾ? ಗೋರಿನೂ ಇಲ್ಲ ಅವನಿಗೆ! ನಿನ್ನೆ ಗುರುವಾರ, ಅವನಿಗೆ ಅಂತ ಏಳು ರೊಟ್ಟಿ ಕರಿದು, ಎಣ್ಣೆ ಹೊಗೆ ಎಬ್ಬಿಸಿ ಇಲ್ಲಿಗೆ ಬಂದೆ. ಆ ವಾಸನೆನಾದ್ರೂ ಅವನಿಗೆ ಮುಟ್ಟಲಿ ಅಂತ. ಇವತ್ತು ಬಂದು ಕೊಲೆಗಾರ ಅಂತ ಹೇಳ್ಲಾ?” ಅವಳು ನನ್ನ ತೋಳು ಹಿಡಿದುಕೊಂಡಳು. “ಅವನು ಮಾಡಿದ್ದಾಗಿದ್ರೆ ಬೆಳಿಗ್ಗೆ ಆ ಸೇತುವೆ ಮೇಲೆ ಯಾಕೆ ಹೋಗ್ತಿದ್ದ? ನೀವೇ ಹೇಳಿ.”

ಗೋಡೆಯ ಗಡಿಯಾರ ನೋಡಿದೆ. ನಾಲ್ಕು ಗಂಟೆಯಾಗಿತ್ತು.

ಹೊರಗೆ ಬಂದು ಹಜಾರದಲ್ಲಿ ಗಾಣದೆತ್ತಿನ ಹಾಗೆ ಸುತ್ತಿದೆ. ಶಾರ್ಶೆನ್ ಒಂದು ಬಟ್ಟಲು ಹಾಲು-ಟೀ, ಒಂದಿಷ್ಟು ಬೋರ್ಸೋಕ್, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ತಂದು ಕಿಟಕಿಯ ಮೇಲಿಟ್ಟ. ಪ್ರಾಯಶ್ಚಿತ್ತವಂತೆ.

“ತಿನ್ನಿ ಅಕ್ಕ. ಬಿಸಿಬಿಸಿ ಇದೆ. ಇನ್ನೇನೂ ಚಿಂತೆ ಇಲ್ಲ, ಅವಳ ಮೇಲೆ ಅನುಮಾನ ಬಂದ ದಿನವೇ ಅವಳ ಖಾತೆಗೆ ನಾನೇ ಬೀಗ ಹಾಕಿದೀನಿ. ಇನ್ಮೇಲೆ ಯಾರೂ ಹೊಗೋ ಹಾಗಿಲ್ಲ.”

“ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ,” ಅಂದೆ. ಬೋರ್ಸೋಕ್ ಬಾಯಿಗಿಟ್ಟವಳು ಹಾಗೇ ನಿಂತೆ. “ಎಲ್ಲಿ ಹಾಕಿದೆ ಬೀಗ?”

“ಸೊಸೆ ಹತ್ರ.”

“ಅಜ್ಜನ ಹತ್ರ?”

ಅವನು ಕಣ್ಣು ಮಿಟುಕಿಸಿದ. “ಪ್ರೋಗ್ರಾಂ ಪಾಸ್‌ವರ್ಡ್ ಮಾತ್ರ ನಕಲು ಮಾಡೋದು ಅಕ್ಕ. ಬೀಗ... ಬೀಗ ನಕಲು ಆಗಲ್ಲ.”

“ನನಗೆ ಅಜ್ಜನ ಲಾಗ್ ತೆಗೆದುಕೊಡು. ಆ ಮಂಗಳವಾರದ ಹಾಳೆ ಅಲ್ಲ. ಅವತ್ತಿಂದ ಇವತ್ತಿನವರೆಗೆ, ಪೂರ್ತಿ.”

“ಈಗ್ಯಾಕೆ? ಬೆಟ್ಟದಲ್ಲಿ ಯಾರಿದ್ದಾರೆ? ಸೇತುವೆನೇ ಇಲ್ಲ. ಕುರಿಗಾಹಿಗಳನ್ನೆಲ್ಲ ಹೆಲಿಕಾಪ್ಟರ್‌ನಲ್ಲಿ ಇಳಿಸಿಯಾಯ್ತು. ಆ ದಡದಲ್ಲಿ ಈಗ ಒಂದು ನರಪಿಳ್ಳೆಯೂ ಇಲ್ಲ ಅಂತ ಕಪ್ತಾನೇ ಸಹಿ ಹಾಕಿದಾನೆ.”

“ತೆಗೆಯೋ!”

ಮುದ್ರಣಯಂತ್ರ ಕೊಯ್ಯೋ ಅಂತ ಒಂದು ಹಾಳೆ ಉಗುಳಿತು. ಮಂಗಳವಾರ ಎರಡು ಹತ್ತು, ಕನಿಶಾಯ್. ಆಮೇಲೆ ಬುಧವಾರ ಇಲ್ಲ, ಗುರುವಾರ ಇಲ್ಲ, ಶುಕ್ರವಾರ ಇಲ್ಲ. ಬೆರಳು ಕೆಳಗೆ ಜಾರಿತು. ಖಾಲಿ, ಖಾಲಿ, ಖಾಲಿ.

ಕೊನೆಯಲ್ಲಿ, ಇವತ್ತು ಶಾರ್ಶೆನ್ ಒತ್ತಿದ್ದಕ್ಕಿಂತ ಮೇಲೆ, ಒಂದು ಸಾಲು.

ನಿನ್ನೆ, ಗುರುವಾರ. ಬೆಳಗ್ಗೆ ಹನ್ನೊಂದು ಇಪ್ಪತ್ತು. ಕನಿಶಾಯ್. ತಪ್ಪು ಪ್ರಯತ್ನ ಒಂದೂ ಇಲ್ಲ. ಹೊಕ್ಕದ್ದು ರೇಡಿಯೋ ಮೂಲಕ ಅಲ್ಲ, ಗುಡಿಸಲಿನ ಕೀಲಿಮಣೆಯಿಂದಲೇ. ಮಾಡಿದ್ದು ಒಂದೇ ಕೆಲಸ. ಅಳತೆಯ ಗುರುತನ್ನು ಎರಡು ಮೀಟರ್ ಹಿಂದಕ್ಕೆ ಸರಿಸಿ, ಮೊದಲು ಎಲ್ಲಿತ್ತೋ ಅಲ್ಲೇ ಇಟ್ಟು ಹೋಗಿದ್ದರು.

ಜೊತೆಗೆ ತಂದಿದ್ದ ಟೀ ಬಟ್ಟಲು ಕೈಯಿಂದ ಬಿತ್ತು. ಬಿದ್ದರೆ ಬೀಳಲಿ!

ನಿನ್ನೆ ಹನ್ನೊಂದು ಇಪ್ಪತ್ತಕ್ಕೆ ಕನಿಶಾಯ್ ಎಲ್ಲಿದ್ದಳು? ಕಪ್ತಾನ್ ತೆಮಿರ್ಕುಲ್‌ನ ಎದುರು ಕುರ್ಚಿಯಲ್ಲಿ, ಅವನ ಪ್ರಶ್ನೆಗೆ ಉತ್ತರ ಹೇಳುತ್ತಾ. ಹತ್ತರಿಂದ ಒಂದರವರೆಗೆ. ಆ ಹೇಳಿಕೆಯ ಮೇಲೆ ಅವನದೇ ಸಹಿ ಇದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಕೇಸು ಮುಗಿಯಿತು. ಹುಡುಗಿ ಮನೆಗೆ ಹೋದ ಹಾಗೇ!

ಐವತ್ತೆಂಟು ವರ್ಷದ ಹೆಂಗಸು ಹಜಾರದಲ್ಲಿ ಓಡಬಾರದು. ಓಡಿದೆ. ಬಾಗಿಲು ದಬ್ಬಿ ಹಾಳೆಯನ್ನು ಅವಳ ಮಡಿಲಿಗೆ ಹಾಕಿದೆ.

“ನೋಡು! ನಿನ್ನೆ ಯಾರೋ ನಿನ್ನ ಹೆಸರಲ್ಲಿ ಹೊಕ್ಕಿದಾರೆ. ಗುಡಿಸಲಲ್ಲೇ ಕೂತು. ಮೊದಲನೇ ಏಟಿಗೇ. ಗುರುತು ವಾಪಸ್ ಇಟ್ಟಿದಾರೆ. ನೀನು ಉಳ್ಕೊಂಡೆ ತಾಯಿ, ನೀನು...”

ಆ ಸಾಲಿನ ಮೇಲೆ ಬೆರಳಿಟ್ಟವಳು ಬೆರಳು ಹಿಂದಕ್ಕೆ ತೆಗೆದೆ.

ಆ ಹೆಸರು ಬಲ್ಲವರು ಇಬ್ಬರೇ. ಒಬ್ಬಳು ನಿನ್ನೆ ಪೊಲೀಸನ ಎದುರು ಕೂತಿದ್ದಳು.

ಕನಿಶಾಯ್ ಆ ಸಾಲನ್ನು ಓದಿದಳು. ಇನ್ನೊಮ್ಮೆ ಓದಿದಳು. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಬಂದದ್ದು ಅಳುವೋ ನಗುವೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಕ್ಕಿಲ್ಲ.

“ರೊಟ್ಟಿ ಕರಿದ್ನಲ್ಲ ಅಕ್ಕ,” ಅಂದಳು. “ಬದುಕಿರೋನಿಗೆ ರೊಟ್ಟಿ ಕರಿದ್ನಲ್ಲ...”

“ಕನಿಶಾಯ್.”

“ಅವನಿಗೆ ಹಸಿವಾಗಿರುತ್ತೆ. ಹತ್ತು ದಿನ ಏನು ತಿಂದನೋ. ಗುಡಿಸಲಲ್ಲಿ ಒಂದು ಚೀಲ ಹಿಟ್ಟು ಇಟ್ಟಿದ್ದೆ, ಸಿಕ್ಕಿರಬೇಕು.” ತಟ್ಟನೆ ನನ್ನ ಕಡೆ ತಿರುಗಿದಳು. “ಇದನ್ನ ಕಪ್ತಾನ್ ನೋಡಿದ್ರೆ ಏನ್ಮಾಡ್ತಾನೆ?”

“ಹೆಲಿಕಾಪ್ಟರ್ ತರಿಸ್ತಾನೆ.”

“ಆಮೇಲೆ? ಅವನನ್ನ ಇಳಿಸೋ ಮೈದಾನಕ್ಕೆ ಐದು ಮನೆಯೋರು ಬಂದು ನಿಂತಿರ್ತಾರೆ. ಬಿಡ್ತಾರಾ?”

“ಅವನೇ ಮಾಡಿದ್ದೋ ಏನೋ ನಮಗೆ ಇನ್ನೂ ಗೊತ್ತಿಲ್ಲ. ಯಾರಾದ್ರೂ ಹೆದರಿಸಿ ಮಾಡಿಸಿರಬಹುದು. ಇಲ್ಲಿ ನೋಡು, ವಾಪಸ್ ಇಟ್ಟಿದಾನೆ. ನಿನ್ನ ಉಳಿಸೋಕೆ ಅಂತಲೇ ಇಟ್ಟಿದಾನೆ!”

“ಅದಕ್ಕೇ,” ಅಂದಳು.

ಹೊರಗೆ ಜೀಪು ನಿಂತ ಸದ್ದಾಯಿತು. ಇನ್ನೂ ಐದಕ್ಕೆ ಹತ್ತು ನಿಮಿಷ ಇತ್ತು, ಆದರೆ ಜೈಲಿಗೆ ಹೋಗುವ ಬಂಡಿ ಯಾವತ್ತು ತಡವಾಗಿ ಬಂದಿದೆ? ಕನಿಶಾಯ್ ಹಾಳೆಯನ್ನು ಎರಡು ಮಡಿಕೆ ಮಾಡಿ ನನ್ನ ಮುಷ್ಟಿಯೊಳಗೆ ತುರುಕಿದಳು.

“ಕೂಸನ್ನ ನೆನೆಸ್ಕೋ,” ಅಂದೆ. “ನಿನ್ನ ಕೂಸನ್ನ ನೆನೆಸ್ಕೋ, ದಡ್ಡಿ!”

“ಅತ್ತೆ ನೋಡ್ಕೊಳ್ತಾರೆ. ಅವನಿಗೆ ಯಾರಿದ್ದಾರೆ?”

ಬಾಗಿಲು ತೆರೆಯಿತು. ಕಪ್ತಾನ್ ತೆಮಿರ್ಕುಲ್, ಹಿಂದೆ ಇಬ್ಬರು. ಅವನು ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತಳು. ಹತ್ತು ದಿನದಲ್ಲಿ ಮೊದಲ ಸಲ ಅವಳ ಬೆನ್ನು ನೆಟ್ಟಗಿತ್ತು.

“ಕಪ್ತಾನ್ ಅಣ್ಣ, ಇನ್ನು ಹುಡುಕಬೇಡಿ. ಆ ಗುರುತು ಸರಿಸಿದ್ದು ನಾನೇ. ಎಲ್ಲಿ ಸಹಿ ಹಾಕ್ಲಿ?”

ಕಪ್ತಾನ್ ಚೀಪುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಆಮೇಲೆ ಅವನ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿ, ನನ್ನ ಮುಷ್ಟಿಯ ಮೇಲೆ ಬಂದು ನಿಂತಿತು.

“ಬುರುಲ್ ಅಕ್ಕ,” ಅಂದ, “ಕೈಯಲ್ಲಿ ಅದೇನು ಕಾಗದ?”